ಬಚ್ಚಲೊಲೆಯ ಕಾವಿನಿಂದ ಒಂದು ದೀಪ

ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಇಲ್ಲದಿರುವುದು ವಾಡಿಕೆ. ಸೌರ ಫಲಕಕ್ಕೂ ಆಗ ಬಿಸಿಲಿಲ್ಲ. ಬಚ್ಚಲೊಲೆ ಮಾತ್ರ ಬೆಳಗೂ ಬೈಗೂ ಉರಿಯುತ್ತಿರುತ್ತದೆ. ಅದರ ಕಾವಿನಿಂದ ಒಂದು ದೀಪದಷ್ಟಾದರೂ ವಿದ್ಯುತ್ ಪಡೆಯಬೇಕೆಂಬುದು ನನ್ನ ಬಹುಕಾಲದ ಹಂಬಲವಾಗಿತ್ತು.

ಮೊದಲು ಸಿಲಿಕಾನ್ ಸೌರಕೋಶವೊಂದನ್ನು ಕೆಂಡದ ಎದುರಿಗೆ ಹಿಡಿದು ನೋಡಿದೆ. ಮೀಟರಿನ ಮುಳ್ಳು ಅಲುಗಿತಷ್ಟೆ. ಸಿಲಿಕಾನ್ ಸುಮಾರು 1.1 ಮೈಕ್ರೋಮೀಟರಿಗಿಂತ ಕಿರಿದಾದ ತರಂಗಗಳನ್ನು ಮಾತ್ರ ವಿದ್ಯುತ್ತಾಗಿಸಬಲ್ಲದು. 900 ಡಿಗ್ರಿ ಸೆಲ್ಸಿಯಸ್‌ನ ಕೆಂಡ ಸೂಸುವ ವಿಕಿರಣದಲ್ಲಿ ಅಂಥವು ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಗ್ಯಾಲಿಯಂ ಆಂಟಿಮೊನೈಡ್ ಕೋಶಗಳು 1.7 ಮೈಕ್ರೋಮೀಟರಿನವರೆಗೂ ಹಿಡಿಯುತ್ತವೆ, ಆದರೆ ಅವುಗಳ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. 2022ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಕಾವಿನ ವಿಕಿರಣವನ್ನು ವಿದ್ಯುತ್ತಾಗಿಸುವ ಬೇರೊಂದು ಬಗೆಯ ಕೋಶಗಳಲ್ಲಿ ಶೇಕಡಾ 40ರಷ್ಟು ದಕ್ಷತೆ ಸಾಧಿಸಿದರಾದರೂ ಅದಕ್ಕೆ ಬೇಕಾದ ಕಾವು ಸುಮಾರು 2400 ಡಿಗ್ರಿ. ಸೌದೆಯ ಒಲೆ ಅಲ್ಲಿಗೆ ಮುಟ್ಟಲಾರದು.

ಆದ್ದರಿಂದ ವಿಕಿರಣವನ್ನು ನೇರವಾಗಿ ಪರಿವರ್ತಿಸುವ ಆಸೆ ಬಿಟ್ಟು, ಅದರಿಂದ ತಗಡೊಂದನ್ನು ಕಾಯಿಸಿ, 1821ರಲ್ಲಿ ಸೀಬೆಕ್ ಕಂಡುಕೊಂಡ ಪರಿಣಾಮವನ್ನು, ಅಂದರೆ ಒಂದು ಬದಿ ಬಿಸಿಯಾಗಿ ಇನ್ನೊಂದು ಬದಿ ತಂಪಾಗಿದ್ದರೆ ವಿದ್ಯುತ್ ಹುಟ್ಟುವುದನ್ನು, ಬಳಸಲು ನಿರ್ಧರಿಸಿದೆ. 10 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡನ್ನು ಒಲೆಯ ಬಾಯಿಯಲ್ಲಿ, ಕೆಂಡದಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿದೆ. ಬೆಂಕಿಯ ಕಡೆಯ ಮೈಯನ್ನು ಎಂದೂ ಉಜ್ಜಿ ತೊಳೆಯುವುದಿಲ್ಲ, ಏಕೆಂದರೆ ಬೋಳು ಲೋಹ ವಿಕಿರಣವನ್ನು ಹಿಂದಕ್ಕೆ ತಳ್ಳುತ್ತದೆ, ಮಸಿ ಅದನ್ನು ಹೀರುತ್ತದೆ. ತಗಡಿನ ಹಿಂಬದಿಗೆ, ಈ ಪರಿಣಾಮ ತೋರುವ ಬಿಸ್ಮತ್ ಟೆಲ್ಯುರೈಡ್ ಎಂಬ ವಸ್ತುವಿನ ನಾಲ್ಕು ಬಿಲ್ಲೆಗಳನ್ನು ಸರಣಿಯಲ್ಲಿ ಜೋಡಿಸಿ, ಅವುಗಳ ಬೆನ್ನಿಗೆ ನೀರು ಹರಿಯುವ ಅಲ್ಯುಮಿನಿಯಂ ಪೆಟ್ಟಿಗೆಯನ್ನು ಬಿಗಿದೆ. ಆರಂಭದಲ್ಲಿ ತಂಪು ಮಾಡಲೆಂದೇ ತಯಾರಾದ ಅಗ್ಗದ ಬಿಲ್ಲೆಗಳನ್ನು ಹಾಕಿದ್ದೆ. ಒಳಗಿನ ಬೆಸುಗೆ ಕರಗಿ ಎರಡು ಹಾಳಾದವು. ವಿದ್ಯುತ್ ಉತ್ಪಾದನೆಗೆಂದೇ ಮಾಡಿದ, 150 ಡಿಗ್ರಿ ತಾಳುವ ಬಿಲ್ಲೆಗಳನ್ನೇ ಕೊಳ್ಳಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಬಿಸಿಯ ಕಡೆಯಲ್ಲ, ತಂಪಿನ ಕಡೆ. ಎರಡು ಬದಿಗಳ ವ್ಯತ್ಯಾಸವೇ ವಿದ್ಯುತ್ತಿನ ಮೂಲವಾದ್ದರಿಂದ, ಮೊದಮೊದಲು ಪೆಟ್ಟಿಗೆಗೆ ಬಳಸಿದ ಬಾಲ್ದಿಯ ನಿಂತ ನೀರು ಅರ್ಧ ಗಂಟೆಯಲ್ಲಿ ಕಾದು, ಒಲೆ ಧಗಧಗಿಸುತ್ತಿದ್ದರೂ ದೀಪ ಮಂಕಾಗುತ್ತಿತ್ತು. ಬಿಗಿಯುವ ಬೋಲ್ಟುಗಳೇ ಬಿಸಿಯನ್ನು ಆಚೆಗೆ ದಾಟಿಸುತ್ತಿದ್ದುದನ್ನು ತಡವಾಗಿ ಗಮನಿಸಿ ಫೈಬರ್ ವಾಷರ್ ಹಾಕಿದೆ. ಕೊನೆಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿಯೇ ಇಳಿದುಬರುವ ನೀರನ್ನು ಪೆಟ್ಟಿಗೆಯೊಳಗಿಂದ ಹಾಯಿಸಿ ಹಂಡೆಗೆ ಬಿಟ್ಟೆ. ಬಿಲ್ಲೆಗಳು ತಣಿದವು, ಹಂಡೆಗೆ ಬೆಚ್ಚನೆಯ ನೀರೂ ಸಿಕ್ಕಿತು.

ಈಗ ಹೊರೆಯಿಲ್ಲದಾಗ, ಅಂದರೆ ವಿದ್ಯುತ್ ಬಳಸುವ ಏನನ್ನೂ ಜೋಡಿಸದಿದ್ದಾಗ, 11 ವೋಲ್ಟ್ ತೋರಿಸುತ್ತದೆ. ಹೊರೆ ಹಾಕಿ ಅದು ಅರ್ಧಕ್ಕೆ ಇಳಿದಾಗ ಗರಿಷ್ಠ ಶಕ್ತಿ, ಅಂದರೆ ಸುಮಾರು ಒಂದೂಕಾಲು ವ್ಯಾಟ್ ದೊರೆಯುತ್ತದೆ. ಮೂರು ಗಂಟೆ ಒಲೆ ಉರಿದರೆ ಲಿಥಿಯಂ ಕೋಶದಲ್ಲಿ ಒಂದು ವ್ಯಾಟಿನ ಎಲ್‌ಇಡಿಗೆ ಇರುಳಿನ ಊಟ ಮುಗಿದು ಕೊಟ್ಟಿಗೆಯ ಕೆಲಸವಾಗುವವರೆಗೆ ಸಾಕಾಗುವಷ್ಟು ಸಂಗ್ರಹವಾಗುತ್ತದೆ. ಜೋಡಣೆಯೆಲ್ಲ ಒಂದು ಚೀಲದಲ್ಲಿ ಹಿಡಿಸುವುದರಿಂದ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಗೂ ಒಯ್ಯುತ್ತೇನೆ. ಚೈತ್ರದಲ್ಲಿ ಅಬ್ಬಿಯ ನೀರು ಸಣ್ಣಗಾದಾಗ ಮಾತ್ರ, ಅದೇ ಒಲೆ, ಅದೇ ಸೌದೆಯಿದ್ದರೂ, ಮುಕ್ಕಾಲು ವ್ಯಾಟ್ ದಾಟಲಿಲ್ಲ.