ಪ್ರವಾಸದ ಟ್ರಕ್ ಏರ್ ಹಿಡಿದರೆ

ಕಳೆದ ಬೇಸಿಗೆಯಲ್ಲಿ ಕೊಲ್ಹಾರ ಸೇತುವೆ ದಾಟಿ ಬಾಗಲಕೋಟೆ ಕಡೆ ಹೊರಟಿದ್ದೆ. ರಸ್ತೆ ಬದಿ ಒಂದು ಹಳೆಯ ಟ್ರಕ್ ನಿಂತಿತ್ತು. ಹಿಂದೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕೂರಿಸಿ ಪ್ರವಾಸಕ್ಕೆಂದೇ ಮಾಡಿಸಿದ ಗಾಡಿ. ಹುಡುಗರು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿದ್ದರು. ಒಬ್ಬ ಬಟ್ಟೆಗೆ ಬೆಂಕಿ ಹಚ್ಚಿಕೊಂಡು ಏರ್ ಕ್ಲೀನರ್ ಬಾಯಿಗೆ ಹಿಡಿಯಲು ಹೊರಟಿದ್ದ. "ತಮ್ಮಾ, ಮೊದಲ ಅದನ್ನ ಆರಸು" ಎಂದೆ. ಇಂಜಿನ್‌ಗೆ ಏನೂ ಆಗಿರಲಿಲ್ಲ. ಡೀಸೆಲ್ ಲೈನ್ ಏರ್ ಹಿಡಿದಿತ್ತು, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿತ್ತು, ಅಷ್ಟೇ.

ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್ ಓಡಿಸುವ ನಮ್ಮ ರೈತರಿಗೆ ಈ ಗಾಳಿ ತೆಗೆಯುವ ಕೆಲಸ ಕೈಗೆ ಕೂತಿದೆ. ದೂರದ ಪ್ರವಾಸಕ್ಕೆ ಹೊರಡುವವರೂ ಮನೆ ಬಿಡುವ ಮೊದಲೇ ಒಮ್ಮೆ ಮಾಡಿ ಕಲಿತಿರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೈಲ್, ಅಂದರೆ ಕಂಪ್ಯೂಟರ್ ನಡೆಸುವ ಹೊಸ ಬಗೆಯ ಇಂಜಿನ್‌ನಲ್ಲಿ ನಾಝಲ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪನ್ನು ಯಾವತ್ತೂ ಸಡಿಲ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್-6 (ಹೊಸ ಹೊಗೆ ನಿಯಮದ) ಟ್ರಕ್ ನಿಮ್ಮದಾದರೆ ಪಾನಾ ಕೆಳಗಿಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಮೊದಲು ಹೊಗೆ ನೋಡಿ

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ತೊಂದರೆ ಬೇರೆ ಇದೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಮುಟ್ಟುತ್ತಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ, ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದೇ ಉಳಿದಿದೆಯಾ ನೋಡಿ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಆಮೇಲೆ ಒಂದು ನಿಮಿಷ ಬಿಡುವು ಕೊಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರೂ ಸುಡುತ್ತದೆ.

ಗಾಳಿ ಎಲ್ಲಿಂದ ಬಂತು?

ಹೆಚ್ಚಿನವರು ಇದನ್ನು ಬಿಟ್ಟೇ ಬಿಡುತ್ತಾರೆ. ಗಾಳಿ ತೆಗೆದು ಖುಷಿಯಾಗಿ ಹೊರಡುತ್ತಾರೆ, ಇಪ್ಪತ್ತು ಕಿಲೋಮೀಟರ್‌ಗೆ ಮತ್ತೆ ನಿಲ್ಲುತ್ತಾರೆ. ಫೀಡ್ ಪಂಪ್ ಅಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್. ಟ್ಯಾಂಕಿನಿಂದ ಅಲ್ಲಿಯವರೆಗಿನ ಪೈಪ್ ಡೀಸೆಲ್ ಹೀರುವ ಪೈಪ್. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ಪೈಪ್ ಒಣಗಿದೆ ಎಂದು ನಂಬಬೇಡಿ. ರಬ್ಬರ್ ಹೋಸನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಕ್ಲಾಂಪ್ ಹತ್ತಿರವೇ ಸೀಳಿರುತ್ತದೆ. ಉದ್ದ ಸಾಲುವಂತಿದ್ದರೆ ಸೀಳಿದ ತುದಿ ಕತ್ತರಿಸಿ ಮತ್ತೆ ಹಾಕಿ, ಕ್ಲಾಂಪ್ ಬಿಗಿಯಿರಿ. ಟೇಪ್ ಸುತ್ತುವುದು, ಗಮ್ ಬಳಿಯುವುದು ಬೇಡ. ಗಮ್ಮಿನ ಚೂರು ಒಳಗೆ ಹೋದರೆ ಪೈಪೇ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ಸಣ್ಣ ತೂತನ್ನೂ ನೋಡಿ. ಅದು ಧೂಳಿನಿಂದ ಮುಚ್ಚಿದ್ದರೆ ಡೀಸೆಲ್ ಬರುವುದೇ ಕಷ್ಟ.

ಡೀಸೆಲ್ ಪೈಪ್ ಕೂಡಿಸುವ ಬೋಲ್ಟಿನ ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಗಟ್ಟಿಯಾಗುತ್ತದೆ, ಹಾಗೇ ಹಾಕಿದರೆ ಮತ್ತೆ ಗಾಳಿ ಎಳೆಯುತ್ತದೆ. ಹೊಸದು ಇಲ್ಲದಿದ್ದರೆ ಗಾಡಿಯಿಂದ ದೂರ ಒಲೆ ಹಚ್ಚಿ, ವಾಷರ್ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಮತ್ತೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ವಾಷರ್‌ಗೆ ಇದನ್ನು ಮಾಡಲು ಹೋಗಬೇಡಿ, ಒಲೆಯ ಮೇಲೇ ಕರಗಬಹುದು.

ಫಿಲ್ಟರ್

ಕಟ್ಟಿದ್ದರೆ ಬದಲಿಸಿ. ಒರೆಸಲು ಹಳೇ ಧೋತರದ ಬಟ್ಟೆ ಒಳ್ಳೆಯದು, ಕಾಟನ್ ವೇಸ್ಟ್ ಎಳೆ ಬಿಡುತ್ತದೆ. ಅಗ್ಗದ ಫಿಲ್ಟರ್ ಬೇಡವೇ ಬೇಡ. ಒಂದನ್ನು ಕತ್ತರಿಸಿ ನೋಡಿದ್ದೆ, ಒಳಗಿನ ಕಾಗದ ಅಂಟಿನಿಂದ ಬಿಟ್ಟುಕೊಂಡಿತ್ತು. ಕಸವೆಲ್ಲ ಸೀದಾ ಪಂಪಿಗೆ! ಕ್ಯಾನಿನ ಡೀಸೆಲ್ಲನ್ನು ಹೊಸ ಫಿಲ್ಟರಿನ ನಡುವಿನ ತೂತಿಗೆ ಸುರಿಯುವ ಅಭ್ಯಾಸವೂ ತಪ್ಪು. ಆ ಡೀಸೆಲ್ ಸೋಸದೆ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರ್ ಹಾಕಿ, ಫೀಡ್ ಪಂಪಿನ ಮೇಲಿರುವ ಕೈಪಂಪಿನಲ್ಲೇ ತುಂಬಿಸಿ. ಹತ್ತು ನಿಮಿಷ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಗಾಳಿ ತೆಗೆಯುವುದು

ಎಲ್ಲರೂ ತಪ್ಪುವುದು ಇಲ್ಲೇ. ಟ್ಯಾಂಕಿನ ಕಡೆಯಿಂದ ಇಂಜಿನ್ ಕಡೆಗೆ ಸಾಲಾಗಿ ಬನ್ನಿ: ಮೊದಲು ಫಿಲ್ಟರ್, ಆಮೇಲೆ ನಾಝಲ್‌ಗೆ ಡೀಸೆಲ್ ಒತ್ತುವ ದೊಡ್ಡ ಪಂಪ್, ಕೊನೆಗೆ ನಾಝಲ್. ನಾಝಲ್‌ನಿಂದ ಶುರು ಮಾಡಿದರೆ ಸಂಜೆಯಾದರೂ ಮುಗಿಯದು.

ಫಿಲ್ಟರ್ ತಲೆಯ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಮೇಲಿನ ಗುಬಟು (ಕೈಪಂಪಿನ ಹಿಡಿ) ತಿರುಗಿಸಿ ಬಿಡಿಸಿ, ಮೇಲೆ ಕೆಳಗೆ ಒತ್ತುತ್ತಾ ಇರಿ. ಮೊದಲು ಕೈಗೆ ಏನೂ ಹತ್ತುವುದಿಲ್ಲ, ಟೊಳ್ಳು ಟೊಳ್ಳು. ಆಮೇಲೆ ಸ್ಕ್ರೂ ಹತ್ತಿರ ಬುಳುಬುಳು ಸದ್ದು. ಆಮೇಲೆ ಹಾಲುಕ್ಕಿದ ಹಾಗೆ ಬಿಳಿ ನೊರೆ. ಆಮೇಲೆ ತಿಳಿ ಡೀಸೆಲ್. ಜನ ಇಲ್ಲಿಗೇ ಸ್ಕ್ರೂ ಬಿಗಿದುಬಿಡುತ್ತಾರೆ. ಬಿಗಿಯಬೇಡಿ! ಇನ್ನೂ ಇಪ್ಪತ್ತು ಸಲ ಒತ್ತಿ. ತಡವಾಗಿ ಬರುವ ಒಂದು ದೊಡ್ಡ ಗುಳ್ಳೆ ಇದ್ದೇ ಇರುತ್ತದೆ. ಅದು ಒಡೆದ ಮೇಲೆ ಗುಬಟು ಕೆಳಗೆ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಕೈ ಮೇಲೆತ್ತಿದಾಗ ಬಿಗಿದರೆ ಗಾಳಿ ಮತ್ತೆ ಒಳಗೆ. ಇಬ್ಬರಿದ್ದರೆ ಒಬ್ಬರು "ಹೂಂ" ಅನ್ನಲಿ, ಇನ್ನೊಬ್ಬರು ಬಿಗಿಯಲಿ.

ದೊಡ್ಡ ಪಂಪಿನ ಸ್ಕ್ರೂಗೂ ಇದೇ ಕ್ರಮ. ಕೆಲವು ಇಂಜಿನ್‌ಗಳಲ್ಲಿ ಗುಬಟಿನ ಬದಲು ಸಣ್ಣ ಲಿವರ್ ಇರುತ್ತದೆ. ಅದು ಸಡಿಲವಾಗಿ ಆಡಿ ಏನೂ ಒತ್ತದಿದ್ದರೆ ಇಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಫೀಡ್ ಪಂಪ್ ಕೆಟ್ಟಿಲ್ಲ, ಅದನ್ನು ಒತ್ತುವ ಒಳಗಿನ ಉಬ್ಬು (ಕ್ಯಾಮ್) ಎತ್ತರದಲ್ಲಿ ನಿಂತಿರುತ್ತದೆ. ಕೆಲಸ ಮುಗಿದ ಮೇಲೆ ಗುಬಟನ್ನು ತಿರುಗಿಸಿ ಭದ್ರ ಮಾಡಿ. ಮರೆತರೆ ಅಲ್ಲಿಂದಲೇ ಸೋರುತ್ತದೆ.

ಈಗ ನಾಝಲ್ ಪೈಪಿನ ನಟ್. ನಾಝಲ್ ಕಡೆಯ ತುದಿಯನ್ನೇ ಸಡಿಲಿಸಿ. ಪಂಪಿನ ಕಡೆ ಕೈ ಹಾಕಿದರೆ ಅಲ್ಲಿನ ವಾಲ್ವ್ ಹಿಡಿದಿರುವ ಡೆಲಿವರಿ ವಾಲ್ವ್ ಹೋಲ್ಡರೂ ಜೊತೆಗೆ ತಿರುಗಬಹುದು. ಎಲ್ಲ ನಟ್ ಅರ್ಧ ಸುತ್ತು ಸಡಿಲಿಸಿ, ಮುಖ ಕೈ ದೂರವಿಟ್ಟು ಸೆಲ್ಫ್ ಹೊಡೆಸಿ. ಪಿಚಕ್ ಪಿಚಕ್ ಎಂದು ನೊರೆಯಿಲ್ಲದ ಡೀಸೆಲ್ ಬರುವ ನಟ್ಟನ್ನು, ಸೆಲ್ಫ್ ನಿಲ್ಲಿಸಿ ಒಂದೊಂದಾಗಿ ಬಿಗಿಯಿರಿ. ಕೊನೆಯದಕ್ಕೆ ಬರುವ ಹೊತ್ತಿಗೆ ಇಂಜಿನ್ ಕೆಮ್ಮಿ ಹಿಡಿದುಕೊಳ್ಳುತ್ತದೆ. ನಟ್ ಬಿಗಿಯಲು ಒಂದೇ ಕೈಯ ಬಲ ಸಾಕು. ಪಾನಾಕ್ಕೆ ಪೈಪ್ ಸಿಕ್ಕಿಸಿ ಬಿಗಿದರೆ ಪೈಪಿನ ತುದಿ ನಜ್ಜುಗುಜ್ಜಾಗುತ್ತದೆ.

ತಳ್ಳಿ ಚಾಲು ಮಾಡುವುದು, ಬೇಗ ಹತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವುದು ಎರಡೂ ಬೇಡ. ಪಂಪಿಗೆ ಡೀಸೆಲ್ಲೇ ಎಣ್ಣೆ ಇದ್ದ ಹಾಗೆ, ಒಣಗಿದ್ದಾಗ ತಿರುಗಿಸಿದರೆ ತೇಯುತ್ತದೆ. ಹೀಟರ್ ಪ್ಲಗ್ (ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಇರುವ ಗಾಡಿಗೆ ಸ್ಪ್ರೇ ಹೊಡೆದರೆ ಸ್ಫೋಟವೇ ಆಗಬಹುದು.

ಚಾಲು ಆದ ಮೇಲೆ ಐದು ನಿಮಿಷ ಓಡಲಿ. ಬಿದ್ದ ಡೀಸೆಲ್ ಒರೆಸಿ, ಬೆಲ್ಟ್ ಮತ್ತು ಹೋಸಿನ ಮೇಲಿನದನ್ನು ಮೊದಲು. ಪ್ರತಿ ನಟ್ಟನ್ನೂ ಒಣಗುವ ಹಾಗೆ ಒರೆಸಿಡಿ. ಮುಂದಿನ ಚಹಾಕ್ಕೆ ನಿಂತಾಗ ಬೆರಳಲ್ಲಿ ಮುಟ್ಟಿ ನೋಡಿ, ಒದ್ದೆಯಾದ ನಟ್ ಇದ್ದರೆ ಇನ್ನೊಂದು ಚೂರು ಬಿಗಿಯಿರಿ. ಮಾರನೇ ದಿನ ಬೆಳಿಗ್ಗೆ ಮೊದಲ ಸೆಲ್ಫ್‌ಗೇ ಹಿಡಿಯದಿದ್ದರೆ ಗಾಳಿ ಇನ್ನೂ ಎಲ್ಲೋ ಒಳಗೆ ಬರುತ್ತಿದೆ. ಫೀಡ್ ಪಂಪಿಗೆ ಬರುವ ಹೋಸಿನಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ, ಇಂಜಿನ್ ಓಡಿಸಿ ನೋಡಿ. ಗುಳ್ಳೆ ಓಡುತ್ತಿದ್ದರೆ ತೂತು ಟ್ಯಾಂಕ್ ಮತ್ತು ಆ ಪೈಪಿನ ನಡುವೆಯೇ ಇದೆ.