ಅಳತೆ ಪುಸ್ತಕದಲ್ಲಿ ಹೆಂಡತಿಯ ಹದಿನಾಲ್ಕು ದಿನ

ನನ್ನ ಹೆಂಡತಿಯ ಅಂಗವಿಕಲತೆ ಎಷ್ಟೆಂದು ವೈದ್ಯಕೀಯ ಮಂಡಳಿ ಅಳೆದಾಗ ಮೊದಲ ಸಲ ಶೇ 35 ಬಂತು. ಅಂಗವಿಕಲತೆ ಕಡಿಮೆ ಎನ್ನುವ ಬಿಳಿ ಕಾರ್ಡು. ಅದನ್ನು ಇಟ್ಟುಕೊಂಡು ಏನೂ ಮಾಡಲಾಗದು ಎಂಬುದು ಇದನ್ನು ಓದುವ ನಿಮಗೆಲ್ಲ ಗೊತ್ತೇ ಇದೆ. ಸುಮಾರು ಒಂದೂವರೆ ವರ್ಷ ಕಳೆದ ಮೇಲೆ ಅದೇ ಹೆಂಡತಿಗೆ ಶೇ 62 ಎಂದು ಬರೆದು ಹಳದಿ ಕಾರ್ಡು ಕೊಟ್ಟರು. ನಡುವೆ ಅವಳ ಪಾರ್ಕಿನ್ಸನ್, ಮೈ ಸೆಟೆದು ನಡಿಗೆ ಕಟ್ಟಿಹಾಕುವ ನರರೋಗ, ಹೇಳಿಕೊಳ್ಳುವಷ್ಟು ಹೆಚ್ಚಾಗಿರಲಿಲ್ಲ. "ಮಂಡಳಿ ಬರೆದದ್ದನ್ನು ಬ್ರಹ್ಮನೂ ತಿದ್ದಲಾರ ಭಾವ, ಸುಮ್ಮನೆ ಅಂಗಡಿ ನೋಡಿಕೊಳ್ಳಿ" ಎಂದಿದ್ದ ನನ್ನ ಭಾವಮೈದುನನಿಗೆ ಹಳದಿ ಕಾರ್ಡಿನ ನಕಲನ್ನು ಲ್ಯಾಮಿನೇಷನ್ ಮಾಡಿಸಿ ಕಳುಹಿಸಿದ್ದೇನೆ.

ನಾನು ಟೈಲರ್. ಬಸ್ ನಿಲ್ದಾಣದ ಹಿಂದೆ ಅಂಗಡಿ. ಮೊದಲು ತಿಂಗಳಿಗೆ ಹದಿನೆಂಟು ಸಾವಿರದವರೆಗೆ ಉಳಿಯುತ್ತಿತ್ತು, ಈಗ ಎಂಟೋ ಒಂಬತ್ತೋ. ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಹೋದರೆ ಮತ್ತೆ ತೆಗೆಯುವುದು ಅವಳ ಮಾತ್ರೆಯ ಮರ್ಜಿ.

ಮೊದಲ ತಪಾಸಣೆ ಕೆಟ್ಟದ್ದು ನನ್ನ ದಡ್ಡತನದಿಂದ. ಪಾರ್ಕಿನ್ಸನ್ನಿನ ಮಾತ್ರೆ ಲೆವೊಡೋಪಾ ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಸಂಜೆ ಏಳಕ್ಕೆ. ನುಂಗಿ ಮುಕ್ಕಾಲು ಗಂಟೆಗೆ ಅವಳು ಮದುವಣಗಿತ್ತಿಯ ಹಾಗೆ ಓಡಾಡುತ್ತಾಳೆ, ಮೂರು ಗಂಟೆ ದಾಟಿದರೆ ಕಂಬ. ನಮ್ಮನ್ನು ಒಳಗೆ ಕರೆದದ್ದು ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ. ಇಸ್ತ್ರಿ ಮಾಡಿದ ಸೀರೆ ಬೇರೆ. "ಹೇಗಿದ್ದೀರಮ್ಮ?" ಎಂದರೆ "ದೇವರ ದಯೆ, ಚೆನ್ನಾಗಿದ್ದೇನೆ ಸಾರ್" ಎಂದಳು. ಆ ಕೊಠಡಿಯೊಳಗೆ ಅದು ಸುಳ್ಳೂ ಆಗಿರಲಿಲ್ಲ.

ಎರಡನೆಯದು ದಡ್ಡತನವಲ್ಲ, ಪಾಪ. ಮೇಲ್ಮನವಿ ಕೊಟ್ಟು ಮತ್ತೆ ದಿನ ಸಿಕ್ಕಾಗ, ಯಾರೋ ಹೇಳಿದರೆಂದು ಹನ್ನೊಂದರ ಮಾತ್ರೆ ತಪ್ಪಿಸಿದೆ. ಆಸ್ಪತ್ರೆಯ ಗೇಟಿನಲ್ಲೇ ಸೆಟೆದು ನಿಂತವಳು ಬಿದ್ದಳು. ಮಂಡಳಿಯ ಬದಲು ತುರ್ತು ಚಿಕಿತ್ಸೆಯ ಕೊಠಡಿಗೆ ಹೋದೆವು. ನರರೋಗದ ವೈದ್ಯರು ನನ್ನನ್ನು ಮಗುವಿಗೆ ಬೈಯುವಂತೆ ಬೈದರು. ಈ ಮಾತ್ರೆಯನ್ನು ಹಾಗೆ ನಿಲ್ಲಿಸಿದರೆ ಜೀವಕ್ಕೇ ಸಂಚಕಾರವಂತೆ. ಯಾರೂ ಮಾಡಬೇಡಿ. ಆ ರಾತ್ರಿ ಅವಳು, "ಇನ್ನೆಷ್ಟು ಸಲ ಹೀಗೆ ಕರೆದುಕೊಂಡು ಹೋಗಿ ತೋರಿಸುತ್ತೀರಿ? ನಾನೇನು ಜಾತ್ರೆಯ ದನವೇ?" ಎಂದಳು. ಉತ್ತರವಿರಲಿಲ್ಲ.

ಹೊಳೆದದ್ದು ಅಂಗಡಿಯಲ್ಲಿ, ಒಂದು ಕುಬುಸದ ಅಳತೆ ಬರೆದುಕೊಳ್ಳುವಾಗ. ಗಿರಾಕಿಯ ಮೈ ಮನೆಗೆ ಹೋದರೂ ಅಳತೆ ನನ್ನ ಪುಸ್ತಕದಲ್ಲಿ ಉಳಿಯುತ್ತದೆ. ಅವಳ ದಿನವನ್ನೂ ಹಾಗೆಯೇ ಹಿಡಿದಿಡಬಾರದೇಕೆ? ಹೊಸ ಅಳತೆ ಪುಸ್ತಕ ತೆಗೆದು, ಎದೆ, ಸೊಂಟ, ತೋಳು ಬರೆಯುವ ಕಡೆ ಗಂಟೆ, ಮಾತ್ರೆ, ನಡಿಗೆ, ನಾನು ಮಾಡಿದ್ದು ಎಂದು ಬರೆದೆ. ಹದಿನಾಲ್ಕು ದಿನ, ಅರ್ಧರ್ಧ ಗಂಟೆಗೆ ಒಂದು ಸಾಲು. ಮೊದಲ ನಾಲ್ಕು ದಿನದ್ದು ದಂಡ: "ಕಷ್ಟಪಟ್ಟಳು", "ಸ್ವಲ್ಪ ಪರವಾಗಿಲ್ಲ" ಎಂದೆಲ್ಲ ಗೀಚಿದ್ದೆ. ಇಂತಹ ಅಳತೆಗೆ ರವಿಕೆ ಹೊಲಿಯಲಾದೀತೇ? ಹರಿದೆಸೆದು ಮತ್ತೆ ಶುರು ಮಾಡಿದೆ. "2.20, ಮಂಚದಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ, ಆರು ನಿಮಿಷ, ಎರಡು ಕಡೆ ನಿಂತಳು, ನಾನು ಹಿಡಿದೆ." ಹೀಗೆ. ರಾತ್ರಿ ಮಗ್ಗುಲು ಬದಲಿಸಿದ್ದು ನಾಲ್ಕೈದು ಸಲ. ಕೂಡಿದಾಗ ನನ್ನ ಕೆಲಸವೇ ದಿನಕ್ಕೆ ಹತ್ತಿರ ಹತ್ತಿರ ಹನ್ನೊಂದು ಗಂಟೆ ಬಂತು. ಅಂಗಡಿ ಏಕೆ ಸೊರಗಿತೆಂದು ಅಲ್ಲಿಯವರೆಗೆ ನನಗೇ ಲೆಕ್ಕ ಸಿಕ್ಕಿರಲಿಲ್ಲ.

ಜೊತೆಗೆ ಮೊಬೈಲಿನಲ್ಲಿ ಮೂರು ವಿಡಿಯೊ, ಒಂದೊಂದು ಮುಕ್ಕಾಲು ನಿಮಿಷ. ಗೋಡೆ ಗಡಿಯಾರ ಕಾಣುವಂತೆ ತೆಗೆಯಿರಿ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಅವಳನ್ನು ಕೇಳಿಯೇ ತೆಗೆದೆ. ಬಚ್ಚಲಿನದು ಬೇಡವೆಂದಳು, ಬಿಟ್ಟೆ.

ಪುಸ್ತಕದಿಂದ ಇನ್ನೊಂದು ಲಾಭವಾಯಿತು. ಬೇಳೆ, ಕಾಳು, ಮೊಸರಿನ ಊಟದ ಜೊತೆಗೇ ನುಂಗಿದ ಮಾತ್ರೆ ಹಿಡಿಯುವುದೇ ಇಲ್ಲವೆಂದು ಸಾಲು ಸಾಲಾಗಿ ಕಂಡಿತು. ವೈದ್ಯರನ್ನು ಕೇಳಿದರೆ, ಪ್ರೋಟೀನು ಆ ಔಷಧಿಗೆ ಅಡ್ಡ ಬರುತ್ತದೆ, ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಿ ಎಂದರು. ಈಗ ಮುದ್ದೆ, ಸೊಪ್ಪಿನ ಸಾರು ಮಧ್ಯಾಹ್ನಕ್ಕೆ; ಕಾಳು ರಾತ್ರಿಗೆ.

ಅದೇ ಗುಂಗಿನಲ್ಲಿ ಕಾವಿ ನೆಲದ ಮೇಲೆ ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದೆ. ಎರಡಡಿ ಅಂತರ ಅವಳಿಗೆ ದೂರವಾಯಿತು, ಹದಿನೈದು ಇಂಚು ಸರಿಹೋಯಿತು. ಗೆರೆ ಕಂಡರೆ ದಾಟುತ್ತಾಳೆ, ಬರಿ ನೆಲದಲ್ಲಿ ನಿಂತುಬಿಡುತ್ತಾಳೆ. ಮಗ್ಗುಲಾಗಲು ಸುಲಭವೆಂದು ಸ್ಯಾಟಿನ್ ಹಾಸು ಹೊಲಿದೆ. ಇಡೀ ಹಾಸಿಗೆಗೆ ಸ್ಯಾಟಿನ್ ಹಾಕಿದ ಮೊದಲ ರಾತ್ರಿ ಜಾರಿ ನೆಲಕ್ಕೇ ಬಂದಳು! ಈಗ ನಡುವಿಗೆ ಮಾತ್ರ ಸ್ಯಾಟಿನ್, ಕಾಲಿನ ಕಡೆ ದಪ್ಪ ಹತ್ತಿ. ರಾತ್ರಿ ನಾನು ಏಳುವುದು ಎರಡೇ ಸಲ.

ಮಂಡಳಿಗೆಂದು ಮೂರನೇ ಸಲ ಹೋದಾಗ ಮಾತ್ರೆ ಹೊತ್ತಿಗೆ ಸರಿಯಾಗಿಯೇ ಕೊಟ್ಟಿದ್ದೆ. ಪುಸ್ತಕ, ನರರೋಗ ವೈದ್ಯರ ಪತ್ರ, ವಿಡಿಯೊ. ಪತ್ರದಲ್ಲಿ ಔಷಧಿಯ ಪ್ರಭಾವ ಇಳಿದಾಗ ಹೇಗಿರುತ್ತಾಳೆಂದು ಪ್ರತ್ಯೇಕ ಸಾಲು ಬರೆಸಿಕೊಳ್ಳಿ, ಅದೇ ಮುಖ್ಯ. ವೈದ್ಯರು ಪುಟ ತಿರುವಿದರು, ಒಂದು ವಿಡಿಯೊ ನೋಡಿದರು, ಅವಳಿಗೆ ಪೆನ್ನು ಕೊಟ್ಟು ಹೆಸರು ಬರೆಯಲು ಹೇಳಿದರು. ಮೊದಲ ಅಕ್ಷರ ಹುರಿಗಡಲೆಯಷ್ಟಿತ್ತು, ಕೊನೆಯದು ಸಾಸಿವೆಯಷ್ಟು. ಬಳಿಕ ಅವರು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಕಡತದ ಮೊದಲ ಹಾಳೆಯಲ್ಲಿ ನಾನು ಏನು ಹಾಕಿದ್ದೆ, ವಾರದ ಯಾವ ದಿನ ಹೋದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದೇ ದಿನ ಬಂದರೆ ಅದರ ಗುಣ ಹೋಗುತ್ತದೆ.

ಖರ್ಚು? ಬಾಡಿಗೆ ಕಾರು ಮೂರು ಸಲ, ಸಲಕ್ಕೆ ಎರಡು ಸಾವಿರದ ಮೇಲೆ. ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಪುಕ್ಕಟೆ, ಆದರೆ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಬಸ್ಸು ಮುಂದಿನ ಊರು ಸೇರಿರುತ್ತದೆ. ನಕಲು, ಫೋಟೊ, ಕೆಲಸ ಕೆಟ್ಟ ದಿನಗಳು ಸೇರಿ ಹನ್ನೊಂದು ಸಾವಿರದ ಸುತ್ತಮುತ್ತ. ಗೇಟಿನ ಹತ್ತಿರದ ದಲ್ಲಾಳಿ ಕೇಳಿದ್ದು ಆರು ಸಾವಿರ. ಅಗ್ಗವಾಗುತ್ತಿತ್ತಲ್ಲ ಎಂದು ನಕ್ಕವರಿದ್ದಾರೆ, ನಗಲಿ.

ಆಮೇಲಿನ ಜಗಳ ಆರೈಕೆದಾರರ ಹಣದ್ದು. ಪಾರ್ಕಿನ್ಸನ್ ಮೊದಲಾದ ನಾಲ್ಕು ಕಾಯಿಲೆಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು 2024–25ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ್ದರು. ಕಚೇರಿಯ ಗುಮಾಸ್ತರು ಕನ್ನಡಕ ಸರಿಸಿ, "ಕಟ್ಟಿಕೊಂಡ ಹೆಂಡತಿಯನ್ನು ನೋಡಿಕೊಳ್ಳುವುದಕ್ಕೂ ಸರ್ಕಾರ ಕೊಡಬೇಕೇನ್ರೀ?" ಎಂದರು. ಅಳತೆ ಪುಸ್ತಕ ತೆರೆದು ರಾತ್ರಿಯ ಪುಟ ತೋರಿಸಿ, ಇದೇ ಕೆಲಸಕ್ಕೆ ಆಳು ಇಟ್ಟರೆ ಎಷ್ಟು ಕೊಡಬೇಕು, ನೀವೇ ಹೇಳಿ ಎಂದೆ. ಅರ್ಜಿ ತೆಗೆದುಕೊಂಡರು. ತಿಂಗಳುಗಳು ಹಿಡಿದವು, ಬಂತು. ನಮ್ಮ ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತೆ ಬೆನ್ನು ಹತ್ತದಿದ್ದರೆ ಬರುತ್ತಿರಲಿಲ್ಲವೆಂಬುದನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 38ನೇ ಕಲಮಿನಡಿ ಹೆಚ್ಚಿನ ಬೆಂಬಲ ಕೋರಿ ಇನ್ನೊಂದು ಅರ್ಜಿ ಕೊಟ್ಟಿದ್ದೇನೆ. ಸದ್ಯಕ್ಕೆ ಕೈಯಲ್ಲಿರುವುದು ಸ್ವೀಕೃತಿಯ ಮುದ್ರೆ.

ಸೊಂಟಕ್ಕೆ ಕಟ್ಟಿ ಎತ್ತುವ ಎರಡು ಹಿಡಿಯ ಕ್ಯಾನ್ವಾಸ್ ಪಟ್ಟಿಯನ್ನೂ ಹೊಲಿದಿದ್ದೇನೆ. ಅದರ ಅಳತೆಯನ್ನು ಯಾರು ಕೇಳಿದರೂ ಕೊಡುತ್ತೇನೆ. ಸ್ಯಾಟಿನ್ ಹಾಸಿನದು ಕೇಳಬೇಡಿ, ಈಗಾಗಲೇ ಮೂರು ಆರ್ಡರ್ ಬಂದಿವೆ.