ಗೇಮ್ ತಂಡಕ್ಕೆ ಕಾನೂನು ಬರೆಯುವುದು ಹೇಗೆ

ಹಗಲು ನಾನು ದಾವಣಗೆರೆ ಕೋರ್ಟಿನಲ್ಲಿ ಜೂನಿಯರ್ ವಕೀಲ. ರಾತ್ರಿ ಹತ್ತರ ಮೇಲೆ ಹದಿನೆಂಟು ಜನರ ಗೇಮ್ ತಂಡದ ಲೀಡರ್. ಕತ್ತಿ, ಮಾಟ, ಕೋಟೆ, ಡ್ರ್ಯಾಗನ್ ಎಲ್ಲ ಇರುವ ಆನ್‌ಲೈನ್ ಗೇಮ್ ಅದು. ಹೋದ ವರ್ಷ ತಂಡ ಒಡೆಯುವುದರಲ್ಲಿತ್ತು. ಹರಿಹರದ ಹುಡುಗನೊಬ್ಬ ಎರಡು ತಿಂಗಳು ಒದ್ದಾಡಿ ಒಂದು ಗುರಾಣಿ ಗಳಿಸಿದ್ದ. ನಮ್ಮವನೇ ಒಬ್ಬ ಅವನನ್ನು ಹಿಂದಿನಿಂದ ಹೊಡೆದು ಅದನ್ನು ಎತ್ತಿಕೊಂಡ. ಗೇಮಿನ ನಿಯಮದ ಪ್ರಕಾರ ಅದು ತಪ್ಪೇ ಅಲ್ಲ. ಹುಡುಗ ಫೋನ್ ಮಾಡಿ ಅತ್ತುಬಿಟ್ಟ.

ಆಗ ನೆನಪಾಗಿದ್ದು ಕಾಲೇಜಿನಲ್ಲಿ ಓದಿದ ಹಳೇ ಇಂಗ್ಲೆಂಡಿನ ಕಾನೂನು. ಅಲ್ಲೂ ಪೊಲೀಸರಿರಲಿಲ್ಲ. ಇದ್ದ ಜನರೇ ಒಬ್ಬರನ್ನೊಬ್ಬರು ಹದ್ದುಬಸ್ತಿನಲ್ಲಿ ಇಡಬೇಕಿತ್ತು. ನಮ್ಮ ಗೇಮಿನ ಕಾಡುದಾರಿಯೂ ಹಾಗೇ ಅಲ್ವಾ? ನೀವೂ ತಂಡ ಕಟ್ಟಿದ್ದರೆ ನಾವು ಮಾಡಿದ ಹಾಗೆ ಮಾಡಿ ನೋಡಿ.

ಮೊದಲು ಒಂದು ದರಪಟ್ಟಿ ಬರೆಯಿರಿ. ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ಕಾನೂನು ಇಂಗ್ಲೆಂಡಿನ ಕೆಂಟ್ ಸೀಮೆಯ ರಾಜ ಎಥೆಲ್ಬರ್ಟ್‌ನದು, ಕ್ರಿ.ಶ. 600ರ ಸುಮಾರಿನದು. ಹೊಡೆತಕ್ಕೆ ಹೆಬ್ಬೆರಳು ಹೋದರೆ ಹೊಡೆದವನು 20 ಷಿಲ್ಲಿಂಗ್ (ಆಗಿನ ಹಣ) ಕೊಡಬೇಕು. ಅದರ ಉಗುರಷ್ಟೇ ಹೋದರೆ 3. ಕಿರುಬೆರಳಿಗೆ 11, ಮುಂದಿನ ಹಲ್ಲೊಂದಕ್ಕೆ 6. ಸಾಮಾನ್ಯ ಮನುಷ್ಯನ ಪ್ರಾಣಕ್ಕೆ 100. ಅದರಲ್ಲಿ 20 ಷಿಲ್ಲಿಂಗನ್ನು ಗೋರಿ ಮುಚ್ಚುವ ಮೊದಲೇ ಕೊಡಬೇಕು, ಬಾಕಿಯನ್ನು 40 ದಿನದೊಳಗೆ. ಓದುವಾಗ ನನಗೆ ಇದು ಅಸಹ್ಯ ಅನಿಸಿತ್ತು. ಬೆರಳಿಗೂ ಬೆಲೆ ಕಟ್ಟುತ್ತಾರಾ ಅಂತ. ಈಗ ಹಾಗನಿಸುವುದಿಲ್ಲ. ಲೆಕ್ಕ ಮೊದಲೇ ಗೊತ್ತಿದ್ದರೆ ಸೇಡಿಗೆ ಸೇಡು ಅಂತ ಎರಡು ಮನೆಗಳು ಹಾಳಾಗುವುದು ತಪ್ಪುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತು ನಮ್ಮ ಪಟ್ಟಿ ಬರೆದೆವು. ನನ್ನ ಚೀಲದಲ್ಲಿದ್ದ ಹಳೇ ಕೇಸ್ ಪಟ್ಟಿಯ ಹಿಂಬದಿಯೇ ಕಾಗದ. ತಂಡದವನನ್ನು ಕೊಂದರೆ 500 ಚಿನ್ನದ ನಾಣ್ಯ: 100 ಅಂದೇ ರಾತ್ರಿ, ಉಳಿದದ್ದು ಹತ್ತು ದಿನದಲ್ಲಿ. ಎತ್ತಿಕೊಂಡ ವಸ್ತು ಹಾಗೇ ವಾಪಸ್. 500ರ ಪಕ್ಕದಲ್ಲಿ ಯಾರದೋ ಬೆಣ್ಣೆ ಬೆರಳಿನ ಗುರುತು ಇನ್ನೂ ಇದೆ. ಒಂದು ಮಾತು ನೆನಪಿಡಿ, ಇದನ್ನು ದಂಡ ಅನ್ನಬೇಡಿ, ಪರಿಹಾರ ಅನ್ನಿ. ನಾಣ್ಯ ತಂಡದ ಖಜಾನೆಗೆ ಹೋಗಬಾರದು. ನೊಂದವನ ಕೈಗೇ ಸೇರಬೇಕು.

ಆಮೇಲೆ ಕೂಗಿನ ನಿಯಮ. ಇಂಗ್ಲೆಂಡಿನಲ್ಲಿ ಕಳ್ಳನನ್ನು ಕಂಡವನು ಕೂಗಬೇಕಿತ್ತು. ಕೇಳಿಸಿಕೊಂಡವರು ಕೈಲಿದ್ದ ಕೆಲಸ ಬಿಟ್ಟು ಬೆನ್ನಟ್ಟಬೇಕಿತ್ತು. 1285ರ ವಿಂಚೆಸ್ಟರ್ ಶಾಸನ ಇನ್ನೂ ಬಿಗಿ: ದರೋಡೆಕೋರರು ಸಿಗದಿದ್ದರೆ ಆ ಸೀಮೆಯ ಜನರೇ ನಷ್ಟ ತುಂಬಿಕೊಡಬೇಕು. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಗೇಮಿನಲ್ಲೂ ಊರೊಳಗೆ ‘ಗಾರ್ಡ್ಸ್’ ಎಂದು ಕೂಗಿದರೆ ಕಾವಲುಗಾರರು ತಕ್ಷಣ ಬರುತ್ತಿದ್ದರು. ಊರಾಚೆ ಕೂಗಿದರೆ ಯಾರೂ ಇಲ್ಲ. ಅದಕ್ಕೇ ನಮ್ಮಲ್ಲಿ ವಾಯ್ಸ್ ಕಾಲ್‌ನಲ್ಲಿ ಕೂಗು ಕೇಳಿದವರು ಐದು ನಿಮಿಷದಲ್ಲಿ ಹೋಗಲೇಬೇಕು. ಸುಮ್ನೆ ಕೂತವರು ನಷ್ಟದಲ್ಲಿ ಪಾಲು ಕೊಡಬೇಕು. ಇದಕ್ಕೆ ‘ಕಹಳೆ’ ಎಂದು ಹೆಸರಿಟ್ಟವನು ಚಿತ್ರದುರ್ಗದ ಗೆಳೆಯ. ಓಬವ್ವನ ಗಂಡ ಕೋಟೆಯಲ್ಲಿ ಕಹಳೆ ಊದುತ್ತಿದ್ದ ಕಥೆ ಕೇಳುತ್ತಲೇ ಬೆಳೆದವನು ಅವನು. ಈಗ ‘ಕಹಳೆ!’ ಅಂದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಾರೆ.

ಕೊಡಬೇಕಾದದ್ದನ್ನು ಕೊಡದೆ ಓಡಿಹೋದರೆ? ಇಂಗ್ಲೆಂಡಿನಲ್ಲಿ ಅಂಥವನನ್ನು ಕಾನೂನಿನ ಹೊರಗೆ ಹಾಕುತ್ತಿದ್ದರು. ಅವನದು ‘ತೋಳದ ತಲೆ’ ಎನ್ನುತ್ತಿದ್ದರು, ಅಂದರೆ ತೋಳವನ್ನು ಕೊಂದ ಹಾಗೆ ಯಾರು ಬೇಕಾದರೂ ಕೊಲ್ಲಬಹುದಿತ್ತು. ಅಲ್ಟಿಮಾದಲ್ಲಿ ಐದು ಕೊಲೆ ಮಾಡಿದವನ ಹೆಸರು ಕೆಂಪಾಗುತ್ತಿತ್ತು. ಅವನನ್ನು ಹೊಡೆದರೂ ತಪ್ಪಲ್ಲ. ಆದರೆ ಆಟವಾಡುತ್ತಾ ಗಂಟೆಗಳು ಕಳೆದ ಹಾಗೆ ಕೊಲೆಯ ಲೆಕ್ಕ ಕರಗುತ್ತಿತ್ತು. ನನಗೆ ಜಾಸ್ತಿ ಇಷ್ಟವಾದದ್ದು ಈ ವಾಪಸ್ ಬರುವ ದಾರಿ. ನಮ್ಮಲ್ಲಿ ಹದಿನೈದು ದಿನ ಕೆಂಪು ಪಟ್ಟಿ, ಆಮೇಲೆ ಬಾಕಿ ತೀರಿಸಿ ಒಳಗೆ ಬರಬಹುದು. ದಯವಿಟ್ಟು ಇದಕ್ಕೆ ಬಹಿಷ್ಕಾರ ಅನ್ನಬೇಡಿ. ಆ ಪದದಿಂದ ನೊಂದ ಮನೆಗಳು ನಮ್ಮ ಹಳ್ಳಿಗಳಲ್ಲಿವೆ.

ಒಂದನ್ನು ಮಾತ್ರ ಅಲ್ಲಿಂದ ತರಬೇಡಿ: ಕಾದಾಡಿ ನ್ಯಾಯ ತೀರಿಸುವುದು. ‘ಅಣ್ಣಾ, ಡ್ಯುಯಲ್ ಆಡಿ ಮುಗಿಸೋಣ’ ಎಂದು ಹುಡುಗರು ಕೇಳುತ್ತಲೇ ಇರುತ್ತಾರೆ. ಕೊಲೆ ಆರೋಪ ಹೊತ್ತ ಅಬ್ರಹಾಂ ಥಾರ್ನ್‌ಟನ್ ಕೋರ್ಟಿನಲ್ಲೇ ಕೈಗವಸು ಎಸೆದು ಕಾಳಗಕ್ಕೆ ಕರೆದಿದ್ದ. ಆರೋಪ ಹೊರಿಸಿದವನು ಕಾದಾಡಲು ಒಪ್ಪಲಿಲ್ಲ. ಅದಕ್ಕೇ 1818ರಲ್ಲಿ ಥಾರ್ನ್‌ಟನ್ ಬಿಡುಗಡೆಯಾದ. ಮರುವರ್ಷ ಪಾರ್ಲಿಮೆಂಟ್ ಆ ಪದ್ಧತಿಯನ್ನೇ ತೆಗೆದುಹಾಕಿತು. ಅರವತ್ತನೇ ಲೆವೆಲ್‌ನವನ ಮುಂದೆ ಇಪ್ಪತ್ತನೇ ಲೆವೆಲ್‌ನವನನ್ನು ನಿಲ್ಲಿಸಿ ನ್ಯಾಯ ಅಂದರೆ ಹೇಗೆ? ಮೂರು ಜನ ಕೂರಲಿ, ಸ್ಕ್ರೀನ್ ರೆಕಾರ್ಡಿಂಗ್ ನೋಡಲಿ, ಇಬ್ಬರ ಮಾತೂ ಕೇಳಲಿ.

ಗುರಾಣಿ ಎತ್ತಿಕೊಂಡವನು ನನ್ನ ಚಿಕ್ಕಪ್ಪನ ಮಗ. ಪಟ್ಟಿ ಬರೆದ ರಾತ್ರಿಯೇ ಗುರಾಣಿ ಮತ್ತು ನೂರು ನಾಣ್ಯ ಕೊಟ್ಟ, ಒಂಬತ್ತನೇ ದಿನ ಬಾಕಿ ತೀರಿಸಿದ. ಈಗ ಹೊಸ ಪ್ರಶ್ನೆ ಬಂದಿದೆ. ಸಾಕಿದ ಡ್ರ್ಯಾಗನ್ ನಮ್ಮವನನ್ನೇ ಸುಟ್ಟರೆ ಏನು ಮಾಡುವುದು? ಇಂಗ್ಲೆಂಡಿನಲ್ಲಿ 1846ರವರೆಗೆ ಮನುಷ್ಯನನ್ನು ಕೊಂದ ಕುದುರೆಯನ್ನೋ ಗಾಡಿಯನ್ನೋ ಅಥವಾ ಅದರ ಬೆಲೆಯನ್ನೋ ಮುಟ್ಟುಗೋಲು ಹಾಕಿಕೊಳ್ಳುತ್ತಿದ್ದರು. ಹರಿಹರದ ಹುಡುಗ ಡ್ರ್ಯಾಗನ್ನನ್ನೇ ಕೊಡಬೇಕು ಅನ್ನುತ್ತಾನೆ. ಬೆಲೆ ಕೊಟ್ಟರೆ ಸಾಕು ಅನ್ನುವುದು ನನ್ನ ಮಾತು. ಈ ಭಾನುವಾರ ಮತ್ತೆ ಅದೇ ಹೋಟೆಲಿನಲ್ಲಿ ಕೂರುತ್ತೇವೆ.